ನಾಲ್ಕು ಬೆರಳು ಮಣ್ಣು

ಜೂನ್ 4

ಪ್ರೀತಿಯ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಒಣಗಲು ಹರಡಿದ್ದ ಮಣ್ಣಿನ ತಟ್ಟೆಯೊಂದರ ನಡುವೆ ಬೆಕ್ಕಿನ ಹೆಜ್ಜೆ ಇತ್ತು. ಒಂದೇ ಒಂದು. ನಾಲ್ಕು ಕಾಲಿನ ಪ್ರಾಣಿ ಉಳಿದ ಮೂರನ್ನು ಎಲ್ಲಿ ಇಟ್ಟಿತೋ ಎಂದು ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಮೇಡಂ ಬಂದು ಇಡೀ ತಟ್ಟೆಯನ್ನು ಹೊರಗೆ ಸುರಿಸಿದರು. ಇನ್ನು ಅದು ಹೊಲದ ಮಣ್ಣಲ್ಲವಂತೆ, ಹೊಲ ಮತ್ತು ಬೆಕ್ಕು ಸೇರಿದ ಮಣ್ಣಂತೆ. ಇಲ್ಲಿ ಮಣ್ಣು ಜರಡಿ ಹಿಡಿಯುವವರನ್ನು ಎಲ್ಲರೂ ಜರಡಿಯಣ್ಣ ಎನ್ನುತ್ತಾರೆ. ಬೆಕ್ಕಿಗೂ ಒಂದು ವರದಿ ಬರೆದುಕೊಡಮ್ಮ ಎಂದು ಅವರು ನನ್ನನ್ನು ಕೆಣಕಿದರು.

ಸಾಹಿತ್ಯ ಓದಿದವಳಿಗೆ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಏನು ಕೆಲಸ ಎಂದು ನೀನು ಕೇಳಿದ್ದೆ. ಒಳಗಿನವರು ಪರೀಕ್ಷೆ ಮಾಡಿ ಅಂಕಿಗಳನ್ನು ನನ್ನ ಮೇಜಿಗೆ ಕಳಿಸುತ್ತಾರೆ. ನಾನು ಅವುಗಳನ್ನು ಜನ ಓದುವಂಥ ವಾಕ್ಯ ಮಾಡುತ್ತೇನೆ. 'ಈ ಮಣ್ಣಿನಲ್ಲಿ ಸೊಪ್ಪು ಬೆಳೆದು ತಿನ್ನಬೇಡಿ.' 'ಈ ಬಾವಿಯ ಪಕ್ಕದ ಮಣ್ಣು ಚೆನ್ನಾಗಿದೆ.' ದಿನವಿಡೀ ಯಾರೊಂದಿಗೂ ಮಾತಾಡಬೇಕಿಲ್ಲ. ನನಗೆ ಹೇಳಿ ಮಾಡಿಸಿದ ಕೆಲಸ.

ನಿನ್ನ ಶಿಶುವಿಹಾರದ ಜಾಗದ ವಿಷಯ ಮೇಡಂ ಹತ್ತಿರ ಹೇಳಿದೆ. ಹಿಂದೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಜಾಗ ಎಂದ ಕೂಡಲೇ ಅವರ ಮುಖ ಗಂಟಾಯಿತು. ದೊಡ್ಡವರ ಮೈಗಿಂತ ಚಿಕ್ಕ ಮಕ್ಕಳ ಮೈಗೆ ಸೀಸ ಬೇಗ ಇಳಿಯುತ್ತದಂತೆ. ಮಣ್ಣಾದ ಕೈ ಬಾಯಿಗೆ ಹೋಗುತ್ತದೆ, ಆಮೇಲೆ ಮಗು ಓದಿನಲ್ಲಿ ಹಿಂದೆ, ಮಾತಿನಲ್ಲಿ ಹಿಂದೆ, ಯಾಕೆಂದು ಯಾರಿಗೂ ಗೊತ್ತಾಗುವುದಿಲ್ಲ. ನಗರ ಕಚೇರಿಯವರು ಪರೀಕ್ಷೆ ಇಲ್ಲದೆ ಅನುಮತಿ ಕೊಡುವುದಿಲ್ಲ ಎಂದಿದ್ದು ಸರಿಯೇ.

ಮಣ್ಣು ತೆಗೆಯುವುದು ಹೀಗೆ. ಮೈದಾನದಲ್ಲಿ ಅಂಕುಡೊಂಕಾಗಿ ನಡೆದು ಹದಿನೈದು ಕಡೆ ಅಗೆ. ಆಳ ಮೇಲಿನಿಂದ ನಾಲ್ಕು ಬೆರಳು ಸಾಕು, ಆಟದ ಜಾಗಕ್ಕೆ ನಾವು ನೋಡುವುದು ಅಷ್ಟನ್ನೇ. ಎಲ್ಲವನ್ನೂ ಶುಭ್ರವಾದ ಹಾಳೆಯ ಮೇಲೆ ಸುರಿದು ಕಲಸು. ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲು. ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ಪಾಲು ಮಾಡು. ಕೊನೆಗೆ ಉಳಿಯುವ ಎರಡು ಬೊಗಸೆಯಲ್ಲಿ ಇಡೀ ಮೈದಾನ ಇರುತ್ತದೆ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದು. ಗೊಬ್ಬರದ ಚೀಲದಲ್ಲಿ ಮಾತ್ರ ಕಳಿಸಬೇಡ.

ಗುಬ್ಬಿಗೆ ಮುತ್ತು. ಅವಳಿಗೆ ಈಗ ಎಷ್ಟು ಹಲ್ಲು?

ನಿನ್ನ,
ಮೂಗಿ

*

ಜೂನ್ 15

ನನ್ನ ಮೂಗಿಗೆ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಬೆಕ್ಕಿನ ಕಾಲಿನ ಬಗ್ಗೆ ಇಷ್ಟು ಬರೆಯುವವಳು ಫೋನಿನಲ್ಲಿ ಯಾಕೆ 'ಹೂಂ', 'ಸರಿ', 'ಇಡ್ಲಾ' ಬಿಟ್ಟು ಬೇರೆ ಮಾತಾಡಲ್ಲ ಅಂತ ನಕ್ಕರು. ಅದಕ್ಕೇ ತಾನೇ ನಾನು ಕಾಗದ ಬರೆಯುವುದು. ನಿನ್ನ ಬಾಯಿ ಇರುವುದು ಬೆರಳ ತುದಿಯಲ್ಲಿ ಅಂತ ಅಮ್ಮ ಹೇಳುತ್ತಿದ್ದುದು ಸುಳ್ಳಲ್ಲ.

ಗುಬ್ಬಿಗೆ ನಾಲ್ಕು ವರ್ಷ ಕಣೇ, ಹಲ್ಲು ಎಣಿಸುವ ವಯಸ್ಸಾ? ನಿನ್ನ ಮನಸ್ಸಿನಲ್ಲಿ ಅವಳು ಇನ್ನೂ ತೊಟ್ಟಿಲಲ್ಲೇ ಇದ್ದಾಳೆ. ಬಾಯಿ ಬಿಟ್ಟರೆ ಮುಚ್ಚಲ್ಲ. ನಿನ್ನ ಪಾಲಿನ ಮಾತನ್ನೂ ಅವಳೇ ಇಟ್ಟುಕೊಂಡಿದ್ದಾಳೆ.

ಮಣ್ಣು ಕಳಿಸುವುದು ಸ್ವಲ್ಪ ತಡವಾಗುತ್ತದೆ. ಮೈದಾನ ಮಟ್ಟ ಮಾಡಿಸುವುದಿದೆ. ಅಲ್ಲಿ ಇಲ್ಲಿ ತಗ್ಗು, ಇಟ್ಟಿಗೆ ಚೂರು, ಮುರುಕು. ಮನೆಯಲ್ಲೂ ಅಗೆತದ ಕೆಲಸ. ಹಿತ್ತಲು ತೆಗೆಸಿ ಶಾಲೆಯ ವ್ಯಾನು ನಿಲ್ಲಿಸೋಕೆ ಜಾಗ ಮಾಡೋಣ ಅಂತ ನಿನ್ನ ಭಾವನ ಹಟ. ಮನೆಯಲ್ಲಿ ನಿಂತರೆ ಧೂಳು, ಶಾಲೆಗೆ ಹೋದರೆ ಧೂಳು.

ಒಂದು ಸಂಶಯ. ನಾಲ್ಕು ಬೆರಳು ಅಂದೆಯಲ್ಲ, ಯಾರ ಬೆರಳು, ನಿನ್ನದಾ ನನ್ನದಾ? ನಿನ್ನವು ಪೆನ್ಸಿಲು. ಅದರ ಕೆಳಗೆ ಏನಿದೆ ಅಂತ ನೀವು ನೋಡುವುದೇ ಇಲ್ಲವಾ? ಸುಮ್ಮನೆ ಕೇಳಿದೆ. ಸರಿಯಾಗಿ ಮಾಡಬೇಕಲ್ಲ, ನಿನ್ನ ಮೇಡಂ ಎದುರು ನಿನ್ನ ಮರ್ಯಾದೆ ಹೋಗಬಾರದು.

ಅಕ್ಕ

*

ಜೂನ್ 24

ಪ್ರೀತಿಯ ಅಕ್ಕನಿಗೆ,

ಬೆರಳು ಯಾರದಾದರೂ ಆಗುತ್ತದೆ. ಕೈ ಅಡ್ಡ ಹಿಡಿದು ಹೆಬ್ಬೆರಳು ಬಿಟ್ಟು ಉಳಿದ ನಾಲ್ಕರ ಅಗಲ. ಅಮ್ಮ ನಮ್ಮ ಲಂಗದ ಅಂಚು ಮಡಿಸಲು ಅಳೆಯುತ್ತಿದ್ದಳಲ್ಲ, ಹಾಗೆ. ಮೇಲಿನದರಲ್ಲಿ ಕೆಟ್ಟದ್ದು ಕಂಡರೆ ಮಾತ್ರ ಕೆಳಗೆ ಹೋಗುತ್ತೇವೆ. ಮೇಲಿನದು ಚೆನ್ನಾಗಿದ್ದರೆ ಅಲ್ಲಿಗೆ ಮುಗಿಯಿತು. ಮೇಡಂ ಹತ್ತಿರ ಕೇಳಿಯೇ ಬರೆಯುತ್ತಿದ್ದೇನೆ.

ಹಿತ್ತಲಿನ ಸುದ್ದಿಯನ್ನು ಎರಡು ಸಲ ಓದಿದೆ. ಮನೆ ನಿನ್ನದು, ಅಲ್ಲಿ ಬದುಕುತ್ತಿರುವವಳು ನೀನು, ನಾನು ಮಾತಾಡುವುದು ತಪ್ಪು. ಆದರೂ ಅಮ್ಮನ ಕೋಳಿಜುಟ್ಟಿನ ಹೂಗಳು ಏನಾದವು? ಕಲ್ಲಿನ ಸಂದಿಯಲ್ಲೆಲ್ಲ ಎದ್ದ ಆ ಕೆಂಪು ಸಸಿಗಳನ್ನು ನಾವು ಕಿತ್ತರೆ ಅವಳು ಹೇಗೆ ರೇಗುತ್ತಿದ್ದಳು. ಮೊಟ್ಟೆ ಸಿಪ್ಪೆಯನ್ನು ಒಲೆಯ ಪಕ್ಕ ಒಣಗಿಸಿ, ಪುಡಿ ಮಾಡಿ, ಮುಷ್ಟಿ ಮುಷ್ಟಿ ಎರಚುತ್ತಿದ್ದಳು. ಇಪ್ಪತ್ತು ವರ್ಷ ಅವಳು ಸಾಕಿದ ಮಣ್ಣು ಅದು. ವ್ಯಾನು ಬೀದಿಯಲ್ಲಿ ನಿಲ್ಲುವುದಿಲ್ಲವೇ?

ಕೋಪ ಮಾಡಿಕೊಳ್ಳಬೇಡ.

ನಿನ್ನ,
ಮೂಗಿ

*

ಆಗಸ್ಟ್ 2

ಪ್ರೀತಿಯ ಅಕ್ಕನಿಗೆ,

ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಮಣ್ಣಿನ ಡಬ್ಬಿ ಮಾತ್ರ ಬಂತು, ಜೊತೆಗೆ 'ಹದಿನೈದು ಕಡೆ, ನಾಲ್ಕು ಬೆರಳು, ಶುಭ್ರ ಹಾಳೆ' ಎಂದು ಬರೆದ ಚೀಟಿ. ಕೋಪ ಎಂದುಕೊಂಡಿದ್ದೇನೆ. ಈ ಸುದ್ದಿ ಕೇಳಿದರೆ ಇಳಿದೀತು.

ಅಕ್ಕ, ನಿನ್ನ ಮೈದಾನ ಚೆನ್ನಾಗಿದೆ. ಸುಮ್ಮನೆ ಚೆನ್ನಾಗಿದೆ ಅಲ್ಲ, ಈ ವರ್ಷ ನಾನು ಬರೆದ ವರದಿಗಳಲ್ಲೇ ಇಷ್ಟು ಒಳ್ಳೆಯದು ಇನ್ನೊಂದಿಲ್ಲ. ಸೀಸ ಎಲ್ಲ ಮಣ್ಣಿನಲ್ಲೂ ಇರುವಷ್ಟೇ, ಭಯಪಡುವಂಥದ್ದಲ್ಲ. ಹೆಂಟೆಯನ್ನು ನೀರಿಗೆ ಬಿಟ್ಟರೆ ಸತ್ತ ಮಣ್ಣು ಕರಗಿ ಕೆಸರಾಗುತ್ತದೆ. ನಿನ್ನದು ರಾತ್ರಿಯಿಡೀ ನೀರಿನಲ್ಲಿ ಹಟ ಮಾಡಿ ಕೂತಿತ್ತು, ನಿನ್ನ ಹಾಗೆ. ಆಮೇಲೆ ಉಸಿರಿನ ಪರೀಕ್ಷೆ. ಮಣ್ಣನ್ನು ಒದ್ದೆ ಮಾಡಿ ಗಾಜಿನ ಜಾಡಿಯಲ್ಲಿ ಮುಚ್ಚಿ ಕತ್ತಲ ಕಪಾಟಿನಲ್ಲಿ ಇಡುತ್ತಾರೆ. ಒಳಗೆ ಕಣ್ಣಿಗೆ ಕಾಣದ ಜೀವಿಗಳಿದ್ದರೆ ಅವು ಬಿಟ್ಟ ಉಸಿರನ್ನು ಅಳೆಯುತ್ತಾರೆ. ನಿನ್ನ ಮೈದಾನ ಓಡಿ ಬಂದ ಮಗುವಿನ ಹಾಗೆ ಉಸಿರಾಡುತ್ತಿತ್ತು.

ಮೇಡಂ ಎರಡು ಸಲ ಕೇಳಿದರು, ಬ್ಯಾಟರಿ ಒಡೆಯುತ್ತಿದ್ದ ಜಾಗ ಇದೇನಾ ಎಂದು. ನಾನು ಯಾವತ್ತೂ ಅವರಿಗೆ ಎದುರಾಡಿದವಳಲ್ಲ. ನಮ್ಮಕ್ಕ ತನ್ನ ಕೈಯಾರೆ ತೆಗೆದದ್ದು ಎಂದೆ. ದನಿ ಸ್ವಲ್ಪ ಜೋರಾಯಿತೇನೋ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ ಸಹಿ ಹಾಕಿದರು.

ಜರಡಿಯಣ್ಣನ ತಮಾಷೆ ಕೇಳು. ಜರಡಿಯ ಮೇಲೆ ಮೊಟ್ಟೆ ಸಿಪ್ಪೆಯ ಚೂರು ಉಳಿದಿತ್ತಂತೆ. "ಬ್ಯಾಟರಿ ಒಡೆಯೋರು ಭರ್ಜರಿ ತಿಂತಿದ್ರು ಅಂತ ಕಾಣತ್ತೆ," ಎಂದರು. ಎಲ್ಲರೂ ನಕ್ಕೆವು.

ವರದಿಯ ಕೊನೆಯ ವಾಕ್ಯವನ್ನು ನಾನು ಮೂರು ಸಲ ತಿದ್ದಿ ಬರೆದಿದ್ದೇನೆ: 'ಈ ಮೈದಾನದಲ್ಲಿ ಮಕ್ಕಳು ಬರಿಗಾಲಿನಲ್ಲಿ ಆಡಬಹುದು.' ಇಷ್ಟು ಸಂತೋಷದಿಂದ ಯಾವ ವಾಕ್ಯವನ್ನೂ ಬರೆದಿರಲಿಲ್ಲ.

ನಿನ್ನ,
ಮೂಗಿ

*

ಆಗಸ್ಟ್ 14

ನನ್ನ ಮುದ್ದು ಮೂಗಿಗೆ,

ಕೋಪ ಇಲ್ಲ, ಏನೂ ಇಲ್ಲ. ಕೆಲಸದಲ್ಲಿ ಉಸಿರು ಬಿಡಲೂ ಪುರುಸೊತ್ತಿಲ್ಲ ಅಷ್ಟೇ. ನಿನ್ನ ವರದಿ ಹಿಡಿದುಕೊಂಡು ನಗರ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ಬರಿಗಾಲಿನ ವಾಕ್ಯವನ್ನು ಜೋರಾಗಿ ಓದಿದ. ನನಗೆ ಅಲ್ಲೇ ಅಳು ಬಂತು. ಒಂಬತ್ತು ವರ್ಷ, ಪುಟ್ಟೀ. ಯಾರದೋ ಮಹಡಿ, ಯಾರದೋ ಗ್ಯಾರೇಜಿನ ಹಿಂದಿನ ಕೋಣೆ. ಮಕ್ಕಳು ಹಾಡಿದರೆ ಗಲಾಟೆ, ಕುಣಿದರೆ ಗಲಾಟೆ, ಖಾಲಿ ಮಾಡಿ. ಇನ್ನು ಯಾರೂ ನನ್ನನ್ನು ಖಾಲಿ ಮಾಡಿ ಅನ್ನುವ ಹಾಗಿಲ್ಲ.

ವರದಿಗೆ ಕಟ್ಟು ಹಾಕಿಸಿ ಬಾಗಿಲಲ್ಲೇ ತೂಗುಹಾಕಿದ್ದೇನೆ. ಆದರೆ ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿದೆ ನೋಡು: 'ಈ ವರದಿಯು ನಮ್ಮ ಕೈಗೆ ತಲುಪಿದ ಮಣ್ಣಿಗೆ ಮತ್ತು ಅದನ್ನು ತೆಗೆದ ಆಳಕ್ಕೆ ಮಾತ್ರ ಅನ್ವಯಿಸುತ್ತದೆ.' ಒಂದು ಮಗುವಿನ ಅಪ್ಪ ಅದನ್ನೇ ಹಿಡಿದುಕೊಂಡು "ಹಂಗಂದ್ರೆ ಏನರ್ಥ, ಕೆಳಗಡೆ ಏನಿದೆ?" ಅಂತ ನಾಲ್ಕು ಜನರ ಎದುರು ಕೇಳಿದ. ಮೇಲೆ ಅಷ್ಟು ಚೆಂದ ಬರೆದು ಕೆಳಗೆ ಹೀಗೆ ನುಣುಚಿಕೊಂಡರೆ ಜನಕ್ಕೆ ಅನುಮಾನ ಬರಲ್ಲವಾ? ಆ ಸಾಲು ಬಿಟ್ಟು ಇನ್ನೊಂದು ಪ್ರತಿ ಮಾಡಿ ಕಳಿಸು. ನಿನಗೆ ಅದೊಂದು ಸಾಲು, ನನಗೆ ಶಾಲೆ.

ಮಕ್ಕಳು ಮೂವತ್ತರ ಮೇಲಾದರು. ಉಯ್ಯಾಲೆ ಹಾಕಿಸಿದೆ. ಆಟದ ಗಂಟೆಯಲ್ಲಿ ಗುಬ್ಬಿ ನನ್ನ ಕೋಣೆಯಲ್ಲಿ ಕೂತು ಚಿತ್ರ ಬರೆಯುತ್ತಾಳೆ. ಬರೆದದ್ದೆಲ್ಲ ಆನೆ ಅನ್ನುತ್ತಾಳೆ.

ಅಕ್ಕ

*

ಆಗಸ್ಟ್ 22

ಪ್ರೀತಿಯ ಅಕ್ಕನಿಗೆ,

ಆ ಸಾಲು ನನಗೂ ಎಂದೂ ಹಿಡಿಸಿರಲಿಲ್ಲ. ಇಡೀ ವರದಿ ಧೈರ್ಯವಾಗಿ ಮಾತಾಡಿ ಕೊನೆಗೆ ಬಾಗಿಲ ಹಿಂದೆ ಅವಿತುಕೊಂಡ ಹಾಗೆ. ಪ್ರತಿ ವರದಿಯಲ್ಲೂ ಇರುತ್ತದೆ, ಯಾರೂ ಓದುವುದಿಲ್ಲ. ತೆಗೆದಿದ್ದೇನೆ. ಮೇಡಂ ಕಂತೆಯ ನಡುವೆ ಸಹಿ ಹಾಕುವಾಗ ಗಮನಿಸಲಿಲ್ಲ. ನಾನೂ ಹೇಳಲಿಲ್ಲ.

ಗುಬ್ಬಿ ಉಯ್ಯಾಲೆಯಲ್ಲಿ ಕೂತ ಫೋಟೋ ಕಳಿಸು. ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ.

ನಿನ್ನ,
ಮೂಗಿ

*

ಅಕ್ಟೋಬರ್ 9

ಮೂಗಿಗೆ,

ನಿನ್ನ ಮೂರು ಕಾಗದಕ್ಕೆ ಒಟ್ಟಿಗೆ ಉತ್ತರ. ಬೈಯಬೇಡ.

ಫೋಟೋ ಇಟ್ಟಿದ್ದೇನೆ. ಉಯ್ಯಾಲೆಯಲ್ಲಿರುವುದು ಗುಬ್ಬಿ ಅಲ್ಲ, ಪಕ್ಕದ ಬೀದಿಯ ದರ್ಜಿಯ ಮಗ. ಗುಬ್ಬಿಗೆ ಬಿಸಿಲು ಆಗಲ್ಲ, ಮೈಯೆಲ್ಲ ಕೆಂಪಾಗುತ್ತದೆ, ಹಾಗಾಗಿ ಹೊರಗೆ ಬಿಡುವುದಿಲ್ಲ. ದೊಡ್ಡವಳಾದ ಮೇಲೆ ಸರಿಹೋದೀತು.

ಉಯ್ಯಾಲೆಯ ಕೆಳಗೆ ಮಕ್ಕಳ ಕಾಲು ಉಜ್ಜಿ ಉಜ್ಜಿ ಗುಂಡಿ ಬೀಳುತ್ತದೆ. ನಾನೇ ಸಂಜೆ ತುಂಬುತ್ತೇನೆ. ಮಳೆ ಬಂದರೆ ಮತ್ತೆ ಅದೇ ಕತೆ. ಆ ಪ್ರಶ್ನೆ ಕೇಳುವ ಅಪ್ಪ ಮಾತ್ರ ಇನ್ನೂ ಬಿಟ್ಟಿಲ್ಲ. ಮಗನ ಅಂಗಾಲು ತೊಳೆದರೆ ಬಕೆಟಿನ ನೀರು ಯಾಕೆ ಕಪ್ಪಾಗುತ್ತೆ ಅಂತ ಕೇಳಿದ. "ನಿಮ್ಮ ಮಗ ಕಾಲು ತೊಳೆಯೋದು ವಾರಕ್ಕೊಂದ್ಸಲ ಇರಬೇಕು," ಅಂದೆ. ಎಲ್ಲರೂ ನಕ್ಕರು, ಅವನೂ ನಕ್ಕ.

ಇಲ್ಲಿ ಎಲ್ಲ ಚೆನ್ನಾಗಿದೆ. ನೀನು ಈಗ ಬರುವುದು ಬೇಡ. ಮನೆಯಲ್ಲಿ ಅಗೆತದ ಕೆಲಸ ಇನ್ನೂ ಮುಗಿದಿಲ್ಲ, ಮಲಗಲೂ ಜಾಗವಿಲ್ಲ.

ಅಕ್ಕ

*

ನವೆಂಬರ್ 5

ಅಕ್ಕನಿಗೆ,

ಹೋದ ವಾರ ಜರಡಿಯಣ್ಣ ಕಪಾಟು ಖಾಲಿ ಮಾಡಿದರು. ಉಸಿರಿನ ಪರೀಕ್ಷೆ ಮುಗಿದ ಹಳೆಯ ಜಾಡಿಗಳನ್ನು ತೊಳೆಯಲೆಂದು ಮುಚ್ಚಳ ತೆಗೆದು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದರು. ತೊಳೆಯುವುದು ಮರೆತಿತ್ತು. ಈ ಬೆಳಿಗ್ಗೆ ಒಂದು ಜಾಡಿಯಲ್ಲಿ ಸಸಿ ಎದ್ದಿತ್ತು. ಕೆಂಪು ದಾರದಂಥ ಕಾಂಡ, ಎರಡೇ ಎಲೆ. ಚೀಟಿ ನೋಡಿದೆ. ನಿನ್ನ ಮೈದಾನದ್ದು.

ಜರಡಿಯಣ್ಣನಿಗೆ ಯಾವ ಗಿಡ ಎಂದು ಗೊತ್ತಾಗಲಿಲ್ಲ. ನನಗೆ ಗೊತ್ತಾಗದೆ ಹೇಗಿರುತ್ತದೆ? ಚಿಕ್ಕವರಿದ್ದಾಗ ಈ ಸಸಿ ಕಿತ್ತು ಇಬ್ಬರೂ ಬೆನ್ನಿಗೆ ಪೆಟ್ಟು ತಿಂದಿದ್ದೇವೆ. ಕೋಳಿಜುಟ್ಟಿನ ಬೀಜ ಸಾಸಿವೆಗಿಂತ ಸಣ್ಣದು, ಜರಡಿಯಲ್ಲಿ ಇಳಿದುಹೋಗಿದೆ. ಕತ್ತಲಲ್ಲಿ ಮಲಗಿದ್ದು ಬೆಳಕು ಕಂಡಿದ್ದೇ ಎದ್ದಿದೆ. ಆ ಹೂ ಎಲ್ಲಿ ಬೇಕಾದರೂ ಬೆಳೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಮೊಟ್ಟೆ ಸಿಪ್ಪೆ ನೆನಪಾಯಿತು. ಆವತ್ತು ನಾನೂ ನಕ್ಕಿದ್ದೆನಲ್ಲ.

ನೀನು ಕಳಿಸಿದ್ದು ಮೈದಾನದ ಮಣ್ಣಲ್ಲ, ಅಮ್ಮನ ಹಿತ್ತಲಿನದು.

ನಿನ್ನ ಫೋಟೋವನ್ನು ಮತ್ತೆ ನೋಡಿದೆ. ದರ್ಜಿಯ ಮಗ ಉಯ್ಯಾಲೆಯಲ್ಲಿ ಕಾಲು ಮುಂದಕ್ಕೆ ಚಾಚಿದ್ದಾನೆ. ನೆಲ ಕಂದು. ಅವನ ಅಂಗಾಲು ಇದ್ದಿಲಿನಷ್ಟು ಕಪ್ಪು.

ಮೇಡಂಗೆ ಇನ್ನೂ ಹೇಳಿಲ್ಲ. ಸುಳ್ಳು ಕಳಿಸಿದ್ದೇಕೆ ಎಂದು ನಿನ್ನ ಬಾಯಿಂದಲೇ ಕೇಳಬೇಕು. ಮಕ್ಕಳನ್ನು ಮೈದಾನಕ್ಕೆ ಬಿಡುವುದನ್ನು ಇವತ್ತೇ ನಿಲ್ಲಿಸು. ಏನಾದರೂ ನೆಪ ಹೇಳು. ನೆಪ ಹುಡುಕುವುದು ನಿನಗೆ ಕಷ್ಟವಲ್ಲ.

ಮೂಗಿ

*

ನವೆಂಬರ್ 14

ಮೂಗಿಗೆ,

ಸುಳ್ಳು ಅನ್ನುವ ಮಾತು ಬರೆಯುವ ಮೊದಲು ಕೇಳಬೇಕಿತ್ತು. ನಾನು ಸುಳ್ಳು ಕಳಿಸಿಲ್ಲ. ನೀನು ಹೇಳಿದ ಹಾಗೆ ಮೈದಾನದಲ್ಲಿ ಅಂಕುಡೊಂಕಾಗಿ ನಡೆದು ಹದಿನೈದು ಕಡೆ ನಾಲ್ಕು ಬೆರಳು ಅಗೆದೆ. ಅಲ್ಲಿ ಸಿಕ್ಕಿದ್ದನ್ನೇ ಕಳಿಸಿದೆ. ಅಮ್ಮನ ಮಣ್ಣು ಹೌದು. ಅದು ಮೈದಾನದಲ್ಲೇ ಇತ್ತು. ಈಗಲೂ ಇದೆ. ಹಿತ್ತಲಿನಿಂದ ಟ್ರಾಕ್ಟರಿನಲ್ಲಿ ಹೊರಿಸಿ ಐದು ಬೆರಳು ದಪ್ಪ ಹರಡಿಸಿದೆ. ನಾಲ್ಕು ನಿಮ್ಮ ಕಚೇರಿಗೆ, ಒಂದು ನನ್ನ ಸಮಾಧಾನಕ್ಕೆ. ಕೆಳಗೆ ಏನಿದೆ ಅಂತ ನೋಡುವುದಿಲ್ಲವಾ ಅಂತ ಕೇಳಿದ್ದೆ. ಮೇಲಿನದು ಚೆನ್ನಾಗಿದ್ದರೆ ಅಲ್ಲಿಗೆ ಮುಗಿಯಿತು ಅಂತ ನೀನೇ ಬರೆದೆ. ಬೇಕಾದರೆ ಆ ಕಾಗದ ಕಳಿಸಿಕೊಡುತ್ತೇನೆ, ನಿನ್ನ ಚೆಂದದ ಅಕ್ಷರ.

ಕೊಳಕಾದ ನೆಲಕ್ಕೆ ಒಳ್ಳೆಯ ಮಣ್ಣು ಹೊದಿಸುವುದು ನಾನು ಕಂಡುಹಿಡಿದದ್ದಲ್ಲ, ಎಲ್ಲ ಕಡೆ ಮಾಡುತ್ತಾರೆ. ಅಮ್ಮನ ಹಿತ್ತಲು ಹೋಯಿತು ಅಂತ ಅತ್ತುಕೊಂಡೆಯಲ್ಲ, ಅದು ಮೂವತ್ತು ಮಕ್ಕಳ ಕಾಲಡಿಗೆ ಹೋಯಿತು. ಅವಳಿದ್ದಿದ್ದರೆ ತಾನೇ ಬುಟ್ಟಿ ಹೊರುತ್ತಿದ್ದಳು.

ಅಮ್ಮನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಅವಳ ಕೊನೆಯ ವರ್ಷ ನೀನು ಕಾಗದ ಬರೆಯುತ್ತಿದ್ದೆ. ಎಂಥ ಕಾಗದಗಳು. ಓದಿ ಹೇಳಿದರೆ ಅವಳ ಕಣ್ಣಲ್ಲಿ ನೀರು. ಓದಿ ಮುಗಿಸಿ ಎದ್ದು ಅವಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದವಳು ನಾನು. ನಿನಗೆ ಯಾವಾಗಲೂ ವಾಕ್ಯ, ನನಗೆ ಯಾವಾಗಲೂ ನೆಲ. ಈಗ ನೆಲವೂ ಸರಿಯಿಲ್ಲ ಅನ್ನುತ್ತೀಯ. ಊರಿನಲ್ಲಿ ಬೇರೆ ಯಾರೂ ನನಗೆ ಜಾಗ ಕೊಡಲಿಲ್ಲ. ಯಾರಿಗೂ ಬೇಡವಾದದ್ದು ಮಾತ್ರ ನನಗೆ ಸಿಕ್ಕಿತು. ಅದನ್ನೂ ಶಾಲೆ ಮಾಡಿದೆ.

ನೆಪ ಹೇಳಿ ಆಟ ನಿಲ್ಲಿಸು ಅಂತ ಬರೆದಿದ್ದೀಯ. ಮೈದಾನವೇ ಇಲ್ಲದ ಶಿಶುವಿಹಾರಕ್ಕೆ ಯಾರು ಮಕ್ಕಳನ್ನು ಕಳಿಸುತ್ತಾರೆ? ನಿಲ್ಲಿಸುವುದಿಲ್ಲ. ಸಂಜೆ ಗುಂಡಿ ತುಂಬುತ್ತಿದ್ದೇನೆ, ತುಂಬುತ್ತಲೇ ಇರುತ್ತೇನೆ. ಹಿತ್ತಲಿನಲ್ಲಿ ಇನ್ನೂ ಒಂದು ಮೂಲೆ ಉಳಿದಿದೆ.

ಆ ಸಾಲು ತೆಗೆದದ್ದು ನೀನು. ಅದನ್ನು ನೆನಪಿಟ್ಟುಕೊಂಡು ನಿನ್ನ ಮೇಡಂ ಹತ್ತಿರ ಹೋಗು. ಹೋದರೆ ನನಗೆ ತಂಗಿ ಇಲ್ಲ. ಚಿಕ್ಕಂದಿನಿಂದ ನಿನಗೆ ಮಾತಾಡು ಮಾತಾಡು ಅಂತ ತಿವಿಯುತ್ತಿದ್ದವಳು ನಾನು. ಈಗ ಒಂದೇ ಒಂದು ಸಲ ಸುಮ್ಮನಿರು ಅಂತ ಕೇಳುತ್ತಿದ್ದೇನೆ. ನಿನಗೆ ಬರುವುದು ಅದೊಂದೇ ಅಲ್ಲವಾ?

ಅಕ್ಕ

*

ನವೆಂಬರ್ 27

ಅಕ್ಕನಿಗೆ,

ನಿನ್ನ ಕಾಗದ ಬಂದ ದಿನ, ಈ ವರ್ಷ ನೀನು ಬರೆದದ್ದೆಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ಓದಿದೆ. ಅಮ್ಮನ ಹಾಸಿಗೆಯ ಬಗ್ಗೆ ನೀನು ಬರೆದದ್ದು ನಿಜ. ನಾಲ್ಕು ಬೆರಳು ಎಂದು ಹೇಳಿಕೊಟ್ಟವಳು ನಾನು, ಅದೂ ನಿಜ. ಅಳತೆ ಕೊಡುವಾಗ ನನಗೆ ಹೆಮ್ಮೆಯಾಗಿತ್ತು. ಅಕ್ಕ ನನ್ನಿಂದ ಏನನ್ನಾದರೂ ಕೇಳಿ ತಿಳಿದುಕೊಳ್ಳುತ್ತಿದ್ದಾಳೆ ಎಂದು.

ನೀನು ನಂಬಿದ್ದೆ ಎಂದು ನಂಬಲು ತುಂಬ ಪ್ರಯತ್ನ ಮಾಡಿದೆ. ಐದು ಬೆರಳು ಮಣ್ಣು ಸಾಕು, ಮಕ್ಕಳಿಗೆ ಏನೂ ಆಗದು ಎಂದು ನಿಜವಾಗಿ ನಂಬಿಯೇ ಮಾಡಿದೆ ಎಂದು. ಹಾಗಿದ್ದರೆ ಅದು ತಪ್ಪು ಲೆಕ್ಕ, ತಿದ್ದಬಹುದು. ಆದರೆ ಕಾಗದಗಳನ್ನು ಒಟ್ಟಿಗೆ ಓದಿದಾಗ ಬಿಡಿಬಿಡಿಯಾಗಿ ಓದುವಾಗ ಕಾಣದ್ದು ಕಂಡಿತು. ಆಗಸ್ಟಿನಲ್ಲಿ, ಆಟದ ಗಂಟೆಯಲ್ಲಿ ಗುಬ್ಬಿ ನಿನ್ನ ಕೋಣೆಯಲ್ಲಿ ಚಿತ್ರ ಬರೆಯುತ್ತಾಳೆ. ಅಕ್ಟೋಬರಿನಲ್ಲಿ ಗುಬ್ಬಿಗೆ ಬಿಸಿಲು ಆಗುವುದಿಲ್ಲ. ಅವಳು ಮಗುವಾಗಿದ್ದಾಗ ಅಂಗಳದ ಬಿಸಿಲಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದವಳು ನೀನು. ನಾನು ಇದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ಮೇಡಂಗೆ ಎಲ್ಲ ಹೇಳಿದೆ, ಸಾಲು ತೆಗೆದದ್ದನ್ನೂ ಸೇರಿಸಿ. ಅವರು ಕೂಗಾಡಲಿಲ್ಲ. "ಆ ಸಾಲು ಅವಿತುಕೊಳ್ಳೋಕೆ ಅಲ್ಲಮ್ಮ, ನಮಗೆ ಗೊತ್ತಿಲ್ಲದ್ದು ಎಲ್ಲಿಂದ ಶುರು ಅಂತ ಹೇಳೋಕೆ," ಎಂದರು. ಮಣ್ಣು ಹೊದಿಸುವುದು ಇರುವ ಉಪಾಯವೇ ಅಂತೆ. ಆದರೆ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ, ಮೇಲೆ ಮೊಳದಷ್ಟು ಮಣ್ಣು ತುಂಬಿ, ಎಲ್ಲರಿಗೂ ಹೇಳಿ ಮಾಡಬೇಕು. ಮೊದಲೇ ಕೇಳಿದ್ದರೆ ಹೇಗೆ ಮಾಡುವುದೆಂದು ತಾನೇ ಬರೆದುಕೊಡುತ್ತಿದ್ದೆ ಎಂದರು. ನನಗೆ ಅತ್ಯಂತ ಕಹಿಯಾದದ್ದು ಈ ಮಾತು.

ವರದಿ ರದ್ದಾಗಿದೆ. ನಗರ ಕಚೇರಿಗೆ ಕಾಗದ ಹೋಗಿದೆ. ನನ್ನನ್ನು ಬರೆಯುವ ಕೆಲಸದಿಂದ ತೆಗೆದಿದ್ದಾರೆ, ಈಗ ಜಾಡಿ ತೊಳೆಯುತ್ತೇನೆ. ಆ ಸಸಿಯನ್ನು ಕುಂಡಕ್ಕೆ ಹಾಕಿಕೊಡಲೇ ಎಂದು ಜರಡಿಯಣ್ಣ ಕೇಳಿದರು. ಬೇಡ ಎಂದೆ. ಅದಿದ್ದ ಜಾಡಿಯನ್ನೂ ತೊಳೆದೆ.

ಸೋಮವಾರ ಬೆಳಿಗ್ಗೆ ಜರಡಿಯಣ್ಣ ಉದ್ದನೆಯ ಕೊರೆಯುವ ಸಲಾಕೆ ತೆಗೆದುಕೊಂಡು ಬರುತ್ತಾರೆ, ನಗರ ಕಚೇರಿಯವರೂ ಇರುತ್ತಾರೆ. ಮೊದಲ ಗುಂಡಿ ಉಯ್ಯಾಲೆಯ ಕೆಳಗೆ, ಒಂದು ಮೊಳ ಆಳ. ನಿನ್ನ ತಂಗಿ ಎಂಬ ಕಾರಣಕ್ಕೆ ನಾನು ಮಣ್ಣು ಮುಟ್ಟುವ ಹಾಗಿಲ್ಲ, ಬರಬೇಕೆಂದು ಯಾರೂ ಹೇಳಿಲ್ಲ. ರಜೆ ಹಾಕಿ ಬರುತ್ತಿದ್ದೇನೆ. ಮಕ್ಕಳನ್ನು ಬಿಡಲು ಅಪ್ಪ ಅಮ್ಮಂದಿರು ಬರುವ ಹೊತ್ತಿಗೆ ಶಾಲೆಯ ಗೇಟಿನಲ್ಲಿ ನಿಂತಿರುತ್ತೇನೆ. ಬರಿಗಾಲಿನಲ್ಲಿ ಆಡಬಹುದು ಎಂದು ಬರೆದವಳು ನಾನು. ರದ್ದು ಎಂಬ ಕಾಗದವನ್ನು ಬಾಗಿಲಿಗೆ ಅಂಟಿಸಿದರೆ ಯಾರೂ ನಿಂತು ಓದುವುದಿಲ್ಲ. ಬಾಯಿ ಬಿಟ್ಟು ಹೇಳಬೇಕು, ಒಬ್ಬೊಬ್ಬರಿಗೂ, ಮೊದಲು ಆ ದರ್ಜಿಗೆ, ಆಮೇಲೆ ಪ್ರಶ್ನೆ ಕೇಳುವ ಅಪ್ಪನಿಗೆ. ಮಕ್ಕಳ ರಕ್ತ ಪರೀಕ್ಷೆ ಎಲ್ಲಿ ಮಾಡಿಸಬೇಕೆಂದೂ ಹೇಳುತ್ತೇನೆ. ಏನು ಹೇಳಬೇಕೆಂದು ಇಲ್ಲಿ ಕೋಣೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ದನಿ ನಡುಗುತ್ತದೆ. ನಡುಗಲಿ.

ಬಸ್ ನಿಲ್ದಾಣದ ಹತ್ತಿರ ಕೋಣೆ ಹಿಡಿದಿದ್ದೇನೆ. ಭಾವ ಕರೆಯಲು ಬರುವುದು ಬೇಡ.

ಸೋಮವಾರ ಆ ಹೊತ್ತಿನಲ್ಲಿ ಗುಬ್ಬಿಯನ್ನು ನಿನ್ನ ಕೋಣೆಯಲ್ಲೇ ಕೂರಿಸಿಕೊಂಡಿರು, ಎಂದಿನ ಹಾಗೆ.

ತಂಗಿ